ಮಗ ಬೈಕ್ ಬಿಚ್ಚಿ ಕುಳಿತಾಗ

ಹತ್ತೊಂಬತ್ತು ವರ್ಷದ ಮಗ ಅಂಗಳದಲ್ಲಿ ಒಂದು ಹಳೆಯ ಬೈಕನ್ನು ಬಿಚ್ಚಿ, ಗೋಣಿಚೀಲದ ಮೇಲೆ ಹರವಿಕೊಂಡು ಕುಳಿತಿದ್ದಾನೆ ಎಂದುಕೊಳ್ಳಿ. ಒಂದು ಕಡೆ ದೀಪ, ಕನ್ನಡಿ, ಇಂಡಿಕೇಟರುಗಳು. ಇನ್ನೊಂದು ಕಡೆ ಮಸಿ ಹಿಡಿದ ಸೈಲೆನ್ಸರ್. ಮೊಣಕೈವರೆಗೆ ಎಣ್ಣೆ. ಊಟಕ್ಕೆ ಕರೆದರೆ "ಬಂದೆ" ಅನ್ನುತ್ತಾನೆ, ಬರುವುದಿಲ್ಲ. ಆಗ ನೀವೇನು ಮಾಡುತ್ತೀರಿ? ಗದರುತ್ತೀರಾ? ಅವನ ಅಬ್ಬಾನಿಗೆ ಹೇಳುತ್ತೀರಾ? ಅಥವಾ "ಮನೆಯಲ್ಲೇ ಇದ್ದಾನಲ್ಲ, ಅಷ್ಟೇ ಸಾಕು" ಎಂದು ಸುಮ್ಮನಾಗುತ್ತೀರಾ?

ಕಳೆದ ವರ್ಷ ಇದೇ ಚಿಂತೆ ಹೊತ್ತು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಮುರಗೋಡದ ನಮ್ಮ ಮನೆಗೆ ಬಂದರು.

"ಆಪಾ, ಹುಡುಗಗ ಏನಾಗೈತೋ ತಿಳೀವಲ್ದು. ಚೊಲೋ ಇದ್ದ ಗಾಡಿ ಬಿಚ್ಚಿ ಹಾಕ್ಯಾನ. ಕೇಳಿದ್ರ 'ಅಮ್ಮೀ, ರೇಸ್ ಗಾಡಿ ಮಾಡಾಕತ್ತೀನಿ, ಹಗರ ಆಗಬೇಕು' ಅಂತಾನ. ನೀವು ಕಲಿಸಿದ ಹುಡುಗ. ನೀವರ ಒಂದ ಮಾತ ಹೇಳ್ರಿ."

ಗಾಡಿ ಹಳೆಯ ಯಮಹಾ ಆರ್‌ಎಕ್ಸ್ 100. ಕೊಂಡದ್ದು ಆಕೆಯ ಭಿಶಿ ಹಣದಿಂದ. ಎರಡು ವರ್ಷ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕಟ್ಟಿದ ಭಿಶಿ ಅದು. ಮಗ ಕೆಲಸಕ್ಕೆ ಹೋಗಿಬರಲು, ವಾರಕ್ಕೊಮ್ಮೆ ತನ್ನನ್ನು ಸಂತೆಗೆ ಕರೆದೊಯ್ಯಲು ಆಗುತ್ತದೆ ಎಂದು ಆಕೆ ಹಣ ಕೊಟ್ಟಿದ್ದರು.

ಒಂದು ಮಾತು ಹೇಳುವುದು ನನಗೆ ಸುಲಭವಿತ್ತು. "ಇದೆಲ್ಲ ಬಿಡು" ಎಂದರೆ ಅವನು ತಲೆ ತಗ್ಗಿಸಿ "ಆಯ್ತ್ರೀ ಆಪಾ" ಅನ್ನುತ್ತಿದ್ದ, ನಾನು ಹೊರಟ ಮೇಲೆ ಮತ್ತೆ ಪಾನಾ ಕೈಗೆತ್ತಿಕೊಳ್ಳುತ್ತಿದ್ದ. ಬೈಕಿನ ಬಗ್ಗೆ ಏನೂ ಗೊತ್ತಿಲ್ಲದ ನಾನು ಬೈಕಿನ ಬಗ್ಗೆ ಬುದ್ಧಿ ಹೇಳುವುದು ಹೇಗೆ? ಆದ್ದರಿಂದ ಆ ತಾಯಿಯನ್ನೂ ಕರೆದುಕೊಂಡು ಅವನ ಬಳಿ ಹೋದೆ, ಅವನು ಕೆಲಸ ಕಲಿಯುವ ಗ್ಯಾರೇಜಿನ ಮಿಸ್ತ್ರಿಯ ಬಳಿಯೂ ಹೋದೆ. ಕೇಳಿ, ನೋಡಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಾಳೆ ಈ ಪ್ರಶ್ನೆ ನಿಮ್ಮ ಮನೆಗೂ ಬರಬಹುದು.

ಈ ಗಾಡಿಯ ಮೇಲೇಕೆ ಇಷ್ಟು ಮೋಹ?

ಎಸ್ಕಾರ್ಟ್ಸ್ ಕಂಪೆನಿ ಜಪಾನಿನ ಯಮಹಾದ ಜೊತೆ ಸೇರಿ ಆರ್‌ಎಕ್ಸ್ 100 ಅನ್ನು ಭಾರತದ ಮಾರುಕಟ್ಟೆಗೆ ತಂದದ್ದು 1985ರಲ್ಲಿ. ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದ ಕಾಲದಲ್ಲಿ, 1996ರಲ್ಲಿ, ಅದರ ತಯಾರಿಕೆ ನಿಂತಿತು. ಇಂದು ಓಡಿಸುವ ಹುಡುಗರಲ್ಲಿ ಹೆಚ್ಚಿನವರು ಆಗ ಹುಟ್ಟಿಯೇ ಇರಲಿಲ್ಲ. ಆದರೂ ಚೆನ್ನಾಗಿ ಇಟ್ಟುಕೊಂಡ ಒಂದು ಆರ್‌ಎಕ್ಸ್‌ಗೆ ಈಗ ಲಕ್ಷದ ಮೇಲೆ ಬೆಲೆ ಹೇಳುತ್ತಾರೆ.

ಕಾರಣ ಲೆಕ್ಕದಲ್ಲಿದೆ. ಅದರ ಎಂಜಿನ್ 98 ಸಿಸಿ, ಶಕ್ತಿ 11 ಅಶ್ವಶಕ್ತಿ, ತೂಕ ಸುಮಾರು 103 ಕಿಲೋ. ಅದೇ ಕಾಲದ, ಅದೇ ಅಳತೆಯ ನಾಲ್ಕು ಸ್ಟ್ರೋಕ್ ಗಾಡಿಗಳ ಶಕ್ತಿ ಏಳೆಂಟು ಅಶ್ವಶಕ್ತಿ ಮಾತ್ರ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಪೆಟ್ರೋಲು ಉರಿದರೆ, ಆರ್‌ಎಕ್ಸ್‌ನಂಥ ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಗಾಡಿಗಳದ್ದೂ ಇದೇ ಜಾತಿಯ ಎಂಜಿನ್. ಅದರಲ್ಲಿ ಕವಾಟ, ಸರಪಳಿಗಳ ಗೋಜು ಕಡಿಮೆ. ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಂಥ ತೂತುಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಅವೇ ತೆರೆದು ಮುಚ್ಚುತ್ತವೆ. ಇಷ್ಟು ಸರಳವಾದ ಎಂಜಿನ್ ಆದ್ದರಿಂದಲೇ ಹತ್ತೊಂಬತ್ತರ ಹುಡುಗ ಅಂಗಳದಲ್ಲಿ ಕುಳಿತು ಅದನ್ನು ಬಿಚ್ಚುವ ಧೈರ್ಯ ಮಾಡುತ್ತಾನೆ.

ಮೊದಲು ಕಳಚುವುದು ನಿಮ್ಮ ಜಾಗವನ್ನು

"ಹಗುರ ಮಾಡುವುದೆಂದರೆ ಏನಪ್ಪಾ?" ಎಂದು ಕೇಳಿದೆ. ಹುಡುಗ ಉತ್ಸಾಹದಿಂದ ಒಂದೊಂದಾಗಿ ತೋರಿಸಿದ. ಹಿಂದೆ ಕುಳಿತವರು ಕಾಲಿಡುವ ಫುಟ್‌ರೆಸ್ಟ್. ಅವರು ಹಿಡಿದುಕೊಳ್ಳುವ ಹಿಡಿ. ಸೆರಗು, ದುಪಟ್ಟಾ, ಬುರ್ಖಾದ ಅಂಚು ಚಕ್ರಕ್ಕೆ ಸಿಗದಂತೆ ತಡೆಯುವ ಸೀರೆ ಗಾರ್ಡ್. ಆಮೇಲೆ ಕನ್ನಡಿ, ಇಂಡಿಕೇಟರ್, ಹಾರ್ನ್, ಬ್ಯಾಟರಿ, ಚೈನ್ ಕವರ್, ಸ್ಟ್ಯಾಂಡ್. ಕಬ್ಬಿಣದ ಮಡ್‌ಗಾರ್ಡ್ ಹೋಗಿ ಹಗುರಾದ ಫೈಬರಿನದು ಬರುತ್ತದೆ. ಕೊನೆಗೆ ಉದ್ದ ಸೀಟು ಹೋಗಿ ಒಬ್ಬನೇ ಕೂರುವಷ್ಟು ಗಿಡ್ಡ ಸೀಟು.

ಪಕ್ಕದಲ್ಲಿ ನಿಂತಿದ್ದ ತಾಯಿಯ ಮುಖ ನೋಡಿದೆ. ಆಕೆಗೆ ಅರ್ಥವಾಗಿತ್ತು. ರೇಸ್ ಗಾಡಿ ಮಾಡಹೊರಟವನು ಮೊದಲು ತೆಗೆಯುವುದು ಹಿಂದೆ ಕೂರುವವರ ಜಾಗವನ್ನು. ಎರಡನೆಯದಾಗಿ ತೆಗೆಯುವುದು ರಸ್ತೆಯಲ್ಲಿರುವ ಇತರರಿಗಾಗಿ ಇಟ್ಟದ್ದನ್ನು. ಕನ್ನಡಿ ಹಿಂದಿನವರನ್ನು ನೋಡಲು, ಇಂಡಿಕೇಟರ್ ಅವರಿಗೆ ತಿಳಿಸಲು, ಹಾರ್ನ್ ಮುಂದಿನವರನ್ನು ಎಚ್ಚರಿಸಲು ಅಲ್ಲವೇ?

ಹಾಗೆಂದು ಇದು ಹುಚ್ಚಾಟ ಎಂದುಕೊಳ್ಳಬೇಡಿ. ಅದರ ಹಿಂದೆ ಲೆಕ್ಕವಿದೆ. ಗಾಡಿ 103 ಕಿಲೋ, ಹುಡುಗ 60 ಕಿಲೋ, ಒಟ್ಟು 163. ಹತ್ತು ಕಿಲೋ ಇಳಿಸಿದರೆ ಪ್ರತಿ ಕಿಲೋವಿನ ಪಾಲಿಗೆ ಸಿಗುವ ಶಕ್ತಿ ಶೇಕಡಾ ಆರಕ್ಕಿಂತ ಹೆಚ್ಚುತ್ತದೆ. ಎಂಜಿನ್ನಿಗೆ ಒಂದು ರೂಪಾಯಿ ಹಾಕದೆ ಬಂದ ಲಾಭ ಅದು. ಹಗುರಾದ ಗಾಡಿ ಬೇಗ ಓಟ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ, ತಿರುವಿನಲ್ಲಿ ಮಾತು ಕೇಳುತ್ತದೆ. ಅದರಲ್ಲೂ ತಿರುಗುವ ಭಾಗದ ತೂಕ ಇಳಿದರೆ ಇನ್ನೂ ಲಾಭ. ಭಾರದ ಬೀಸುಕಲ್ಲನ್ನು ಮೊದಲ ಸುತ್ತು ತಿರುಗಿಸಲು ಎಷ್ಟು ಬಲ ಬೇಕೆಂದು ನಮ್ಮ ಹಿರಿಯ ಹೆಂಗಸರಿಗೆ ಗೊತ್ತು. ಚಕ್ರದ ಅಂಚಿನಲ್ಲಿರುವ ಒಂದು ಕಿಲೋ, ವೇಗ ಹಿಡಿಯುವಾಗ ಎರಡು ಕಿಲೋ ಇದ್ದಂತೆ ಎಳೆಯುತ್ತದೆ.

ನಮ್ಮ ಭಾಗದಲ್ಲಿ ಎತ್ತಿನ ಗಾಡಿಯ ಶರ್ಯತ್ತು ನೋಡಿದವರಿಗೆ ಇದು ಹೊಸದಲ್ಲ. ಶರ್ಯತ್ತಿನ ಗಾಡಿ ಹಗುರಾಗಿರುತ್ತದೆ. ಅದರಲ್ಲಿ ಯಾರೂ ಕಬ್ಬು ಹೇರುವುದಿಲ್ಲ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಯಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗುವುದಿಲ್ಲ. ಆ ಗಾಡಿ ಬೇರೆ, ಅದರ ಬಯಲು ಬೇರೆ.

ಎಂಜಿನ್ನಿನ ಒಳಗೆ

ತೂಕ ಇಳಿಸಿದ ಮೇಲೆ ಎಂಜಿನ್ನಿಗೆ ಕೈ ಹಾಕುತ್ತಾರೆ. ಸಿಲಿಂಡರಿನ ಕಿಟಕಿಗಳನ್ನು ಕಾನಸಿನಿಂದಲೋ ಗ್ರೈಂಡರಿನಿಂದಲೋ ಉಜ್ಜಿ ದೊಡ್ಡದು ಮಾಡುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ಹೊಗೆ ಬೇಗ ಹೊರಹೋಗಿ ಹೊಸ ಮಿಶ್ರಣ ಹೆಚ್ಚು ಒಳಬರಲೆಂದು ಈ ಕೆಲಸ. ಸಿಲಿಂಡರಿನ ತಲೆಯನ್ನು ಲೇತ್ ಯಂತ್ರದಲ್ಲಿ ತುಸು ಕೆತ್ತಿಸಿ ಒತ್ತಡ ಹೆಚ್ಚಿಸುತ್ತಾರೆ. ದೊಡ್ಡ ಕಾರ್ಬ್ಯುರೇಟರ್ ಹಾಕುತ್ತಾರೆ. ಚೈನಿನ ಹಲ್ಲುಚಕ್ರ ಬದಲಿಸುತ್ತಾರೆ. ಹಿಂದಿನ ಚಕ್ರಕ್ಕೆ ಹಲ್ಲು ಹೆಚ್ಚಾದರೆ ಎಳೆತ ಹೆಚ್ಚು, ತುದಿಯ ವೇಗ ಕಡಿಮೆ.

"ಇದರಾಗ ಕೂದಲೆಳಿ ಕೆಲಸ ಐತ್ರಿ," ಅಂದರು ಮಿಸ್ತ್ರಿ. "ಅರ್ಧ ಮಿಲಿಮೀಟರ್ ಹೆಚ್ಚ ಉಜ್ಜಿದ್ರ ಹಿಂದ ಹಾಕಾಕ ಬರೂದಿಲ್ಲ."

ಕಿಟಕಿ ಹೆಚ್ಚು ಎತ್ತರವಾದರೆ ನಿಧಾನದ ವೇಗದಲ್ಲಿ ಗಾಡಿಗೆ ಶಕ್ತಿಯೇ ಇರುವುದಿಲ್ಲ. ಎಂಜಿನ್ ಜೋರಾಗಿ ತಿರುಗಿದಾಗ ಒಮ್ಮೆಲೇ ಎಳೆಯುತ್ತದೆ. ಅಂದರೆ ಸಂತೆಪೇಟೆಯಲ್ಲಿ ಅದು ಮುಗ್ಗರಿಸುತ್ತದೆ, ಖಾಲಿ ರಸ್ತೆಯಲ್ಲಿ ಹುಚ್ಚು ಕುದುರೆಯಾಗುತ್ತದೆ. ಒತ್ತಡ ಅತಿಯಾದರೆ ಪಿಸ್ಟನ್ ಕರಗಿ ತೂತಾಗಬಹುದು. ಗಾಳಿಗೆ ತಕ್ಕಷ್ಟು ಪೆಟ್ರೋಲು ಸೇರದಿದ್ದರೆ, ಅದರೊಂದಿಗೆ ಉರಿಯುವ 2ಟಿ ಎಣ್ಣೆ ಸಾಲದಿದ್ದರೆ, ಎಂಜಿನ್ ಕಾದು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನವರು ಇದನ್ನು ಸೀಜ್ ಆಯಿತು ಎನ್ನುತ್ತಾರೆ. ಓಡುವ ಗಾಡಿ ಸೀಜ್ ಆದರೆ ಹಿಂದಿನ ಚಕ್ರ ಅಲ್ಲಿಯೇ ಬಿಗಿದುಬಿಡುತ್ತದೆ. ಅನುಭವಿ ಸವಾರರು ಅದಕ್ಕಾಗಿಯೇ ಎಡಗೈ ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟಿರುತ್ತಾರೆ. ಒಂದು ಕ್ಷಣ ತಡವಾದರೆ ಸವಾರ ನೆಲದ ಮೇಲೆ.

ಸದ್ದು ಬೇರೆ, ವೇಗ ಬೇರೆ

ಬೀದಿಯಲ್ಲಿ ಕಿವಿ ಹರಿಯುವಂತೆ ಸದ್ದು ಮಾಡುತ್ತ ಹೋಗುವ ಬೈಕುಗಳನ್ನು ನೀವೂ ಕಂಡಿದ್ದೀರಿ. ಸೈಲೆನ್ಸರಿನ ಒಳಕೊಳವೆ ತೆಗೆದರೆ ಗಾಡಿ ವೇಗವಾಗುತ್ತದೆ ಎಂದು ಹುಡುಗರ ನಂಬಿಕೆ. ಎರಡು ಸ್ಟ್ರೋಕ್ ಗಾಡಿಯಲ್ಲಿ ಇದು ಬಹುತೇಕ ಉಲ್ಟಾ.

ಈ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವಾಗ ಅದರ ಹಿಂದೆಯೇ ಸ್ವಲ್ಪ ಹೊಸ ಪೆಟ್ರೋಲು ಗಾಳಿಯೂ ಸೋರಿಹೋಗುತ್ತದೆ. ರೇಸ್ ಗಾಡಿಯ ಹೊಗೆಕೊಳವೆ ಮೊದಲು ಅಗಲವಾಗಿ, ಹೊಟ್ಟೆ ಉಬ್ಬಿಸಿಕೊಂಡು, ಕೊನೆಗೆ ಕಿರಿದಾಗುತ್ತದೆ. ಆ ಆಕಾರದಿಂದಾಗಿ ಹೊಗೆಯ ಒತ್ತಡದ ಅಲೆ ಗೋಡೆಗೆ ಬಡಿದ ಪ್ರತಿಧ್ವನಿಯಂತೆ ಮರಳಿ ಬಂದು, ಸೋರಿದ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಎಂಜಿನ್ನಿನ ವೇಗಕ್ಕೆ ಸರಿಯಾಗಿ ಅಲೆ ಮರಳಬೇಕಾದರೆ ಕೊಳವೆಯ ಉದ್ದ, ದಪ್ಪ ಎಲ್ಲವೂ ಲೆಕ್ಕ ಹಾಕಿದಂತಿರಬೇಕು. ಅಂದಾಜಿನಲ್ಲಿ ಕತ್ತರಿಸಿದರೆ ಸದ್ದು ಉಳಿಯುತ್ತದೆ, ಶಕ್ತಿ ಹೋಗುತ್ತದೆ.

ಈ ವಿದ್ಯೆಯನ್ನು 1950ರ ದಶಕದಲ್ಲಿ ಪಕ್ವಗೊಳಿಸಿದವರು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್. ಅವರ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸಿನಿಂದ ಪಶ್ಚಿಮಕ್ಕೆ ಪಾರಾಗಿ ಜಪಾನಿನ ಸುಜುಕಿ ಕಂಪೆನಿ ಸೇರಿದರು. ಅವರ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಅಡಗಿಸಿ ಗಡಿ ದಾಟಿಸಲಾಗಿತ್ತು. ಅವರೊಂದಿಗೆ ಆ ವಿದ್ಯೆಯೂ ಜಪಾನಿಗೆ ಹೋಯಿತು. ಒಂದು ಕೊಳವೆಯ ಆಕಾರಕ್ಕಾಗಿ ಇಷ್ಟೆಲ್ಲ ನಡೆದಿದೆ ಎಂದಾಗ ಹುಡುಗ ಬಾಯಿ ತೆರೆದು ಕೇಳಿದ. ಅದನ್ನು ಆ್ಯಕ್ಸಾ ಬ್ಲೇಡಿನಿಂದ ಕತ್ತರಿಸಲು ಹೊರಟವನು ಅವನೇ.

ಬ್ರೇಕ್ ಮಾತ್ರ ಹಳೆಯದೇ

ಇಷ್ಟೆಲ್ಲ ಕೇಳಿದ ಮೇಲೆ ತಾಯಿ ಒಂದೇ ಪ್ರಶ್ನೆ ಕೇಳಿದರು: "ಓಡಾಕ ಇಷ್ಟೆಲ್ಲಾ ಮಾಡೀರಿ. ನಿಲ್ಲಾಕ ಏನ ಮಾಡೀರಿ?"

ಮಿಸ್ತ್ರಿ ನಕ್ಕುಬಿಟ್ಟರು. "ಬೇನ್, ಖರೇ ಮಾತ ಕೇಳಿದ್ರಿ. ಹುಡುಗೂರು ಇದನ್ನ ಕೇಳೂದಿಲ್ಲ."

ಆರ್‌ಎಕ್ಸ್‌ಗೆ ಹಿಂದೆ ಮುಂದೆ ಎರಡೂ ಕಡೆ ಡ್ರಮ್ ಬ್ರೇಕ್. ಆ ಕಾಲದ ವೇಗಕ್ಕೆ, ಆ ಕಾಲದ ರಸ್ತೆಗೆ ಮಾಡಿದ್ದು. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ, 80ರಲ್ಲಿ 22 ಮೀಟರ್. ಆದರೆ ವೇಗ ಇಮ್ಮಡಿಯಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಒತ್ತಬೇಕೆಂದು ತೋಚುವ ಮೊದಲೇ ಸಾಗಿಹೋದ ದೂರ ಅದರ ಮೇಲೆ.

ಈಗ ನಮ್ಮ ರಸ್ತೆಯನ್ನು ನೆನೆಯಿರಿ. ಕಬ್ಬಿನ ಹಂಗಾಮಿನಲ್ಲಿ ಬೈಲಹೊಂಗಲದ ಕಡೆಯಿಂದ ರಾತ್ರಿ ಬಂದರೆ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳು. ಕೆಲವಕ್ಕೆ ಹಿಂದೆ ಕೆಂಪು ದೀಪವೂ ಇರುವುದಿಲ್ಲ. ಜಾತ್ರೆಯ ದಿನಗಳಲ್ಲಿ ಸವದತ್ತಿಯತ್ತ ಸಾಲುಗಟ್ಟಿದ ಚಕ್ಕಡಿಗಳು, ನಡೆದು ಹೋಗುವ ಜನ. ಸಂಜೆ ಮನೆಗೆ ಮರಳುವ ಎಮ್ಮೆಗಳು, ಶಾಲೆಯ ಮಕ್ಕಳು. ದೀಪ, ಕನ್ನಡಿ, ಹಾರ್ನ್ ಇಲ್ಲದೆ, ಹಳೆಯ ಬ್ರೇಕಿನೊಂದಿಗೆ ರೇಸ್ ಗಾಡಿ ಓಡಿಸುವ ಜಾಗವೇ ಇದು?

ನಿಜವಾಗಿ ರೇಸ್ ಗಾಡಿ ಕಟ್ಟುವವರು ಬ್ರೇಕ್, ಟೈರ್, ಸಸ್ಪೆನ್ಷನ್ ಸರಿಪಡಿಸದೆ ಎಂಜಿನ್ನಿಗೆ ಕೈ ಹಾಕುವುದಿಲ್ಲ. ಟ್ರ್ಯಾಕಿನಲ್ಲಿ ಒಂದು ತೊಟ್ಟು ಎಣ್ಣೆ ಬಿದ್ದರೆ ಹಿಂದಿನವನು ಜಾರುತ್ತಾನೆಂದು ಎಣ್ಣೆಯ ಬೋಲ್ಟಿಗೆ ತಂತಿ ಬಿಗಿಯುತ್ತಾರೆ. ಸವಾರನಿಗೆ ತಲೆ ಪೂರ್ತಿ ಮುಚ್ಚುವ ಹೆಲ್ಮೆಟ್, ಚರ್ಮದ ಇಡೀ ಉಡುಪು, ಕೈಗವಸು, ಬೂಟು, ಬೆನ್ನುರಕ್ಷೆ. ಸ್ಪರ್ಧೆಗೆ ಮೊದಲು ಗಾಡಿಯ ಪರೀಕ್ಷೆ. ರಸ್ತೆಯಲ್ಲಿ ಶರ್ಯತ್ತು ಕಟ್ಟುವ ಹುಡುಗರ ಮೈಮೇಲೆ ಇರುವುದು ಟೀ ಶರ್ಟು, ಕಾಲಲ್ಲಿ ಚಪ್ಪಲಿ.

ಹಾಗಾದರೆ ಅದರ ಬಯಲು ಎಲ್ಲಿ?

ಒಂದು ಕಾಲದಲ್ಲಿ ಚೆನ್ನೈ ಸಮೀಪದ ಶೋಲಾವರಂ ಎಂಬಲ್ಲಿ, ಎರಡನೇ ಮಹಾಯುದ್ಧ ಕಾಲದ ಹಳೆಯ ವಿಮಾನ ಓಡುದಾರಿಯಲ್ಲಿ, ರೇಸುಗಳು ನಡೆಯುತ್ತಿದ್ದವು. ಈಗ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಸುಮಾರು 3.7 ಕಿಲೋಮೀಟರಿನ ಟ್ರ್ಯಾಕ್ ಇದೆ. ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. ನೇರ ದಾರಿಯಲ್ಲಿ ಇಬ್ಬಿಬ್ಬರನ್ನು ಓಡಿಸುವ ಡ್ರ್ಯಾಗ್ ಸ್ಪರ್ಧೆಗಳೂ ಉಂಟು. ಅವುಗಳಲ್ಲಿ ಎರಡು ಸ್ಟ್ರೋಕ್ ಗಾಡಿಗಳಿಗೆ ಪ್ರತ್ಯೇಕ ವರ್ಗ ಇಟ್ಟಿರುವುದೂ ಉಂಟು. ಸ್ಪರ್ಧಿಸಲು ಭಾರತೀಯ ಮೋಟರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಲೈಸೆನ್ಸ್ ಬೇಕು. ಮುಖ್ಯವಾಗಿ, ರೇಸ್ ಗಾಡಿ ಟ್ರ್ಯಾಕಿಗೆ ಹೋಗುವುದು ಟೆಂಪೋದಲ್ಲಿ. ರಸ್ತೆಯ ಮೇಲೆ ಓಡಿಕೊಂಡಲ್ಲ.

ನಮ್ಮ ರಾಜ್ಯದವರು ಈ ಕ್ಷೇತ್ರದಲ್ಲಿ ಹೆಸರು ಮಾಡಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅತಿ ಕಠಿಣವೆನಿಸಿದ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ. ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗದಲ್ಲಿ ಗೆದ್ದರು. ಅದಕ್ಕೆ ಹಿಂದಿನ ವರ್ಷ ಸ್ಪೇನಿನಲ್ಲಿ ಬಿದ್ದು ಗಂಭೀರವಾಗಿ ಗಾಯಗೊಂಡಿದ್ದರು.

ಟ್ರ್ಯಾಕಿನಲ್ಲಿ ಎಲ್ಲವೂ ಕ್ಷೇಮ ಎಂದು ನಾನು ಹೇಳಲಾರೆ. 2023ರ ಆಗಸ್ಟ್ 5ರಂದು ಚೆನ್ನೈ ಟ್ರ್ಯಾಕಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಬಿದ್ದು ಪ್ರಾಣ ಕಳೆದುಕೊಂಡ. ಹೆಲ್ಮೆಟ್, ಉಡುಪು, ವೈದ್ಯರು, ಆಂಬುಲೆನ್ಸ್ ಎಲ್ಲ ಇರುವ ಕಡೆಯೇ ಹೀಗಾಗುವುದಾದರೆ, ಏನೂ ಇಲ್ಲದ ರಸ್ತೆಯಲ್ಲಿ ಏನಾದೀತು?

ಕಾನೂನು ಏನು ಹೇಳುತ್ತದೆ?

ಇದನ್ನು ಪ್ರತಿ ಮನೆಯವರೂ ತಿಳಿದಿರಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ನಿಯಮ ಮೀರಿ ವಾಹನವನ್ನು ಮಾರ್ಪಡಿಸಿದರೆ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಮಾಲೀಕರು ನೀವೇ. ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ ದಂಡ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ಹುಡುಗರು ಮೊದಲು ಬಿಚ್ಚಿ ಎಸೆಯುವ ಆ ಹಿಡಿ, ಫುಟ್‌ರೆಸ್ಟ್, ಚಕ್ರದ ತಡೆ ಮೂರೂ ಕೇಂದ್ರ ಮೋಟಾರು ವಾಹನ ನಿಯಮ 123ರಂತೆ ಕಡ್ಡಾಯ.

ವಿಮೆಯ ಮಾತೂ ಇದೆ. ಸಾಮಾನ್ಯ ವಾಹನ ವಿಮೆ ರೇಸಿಗೆ, ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ. 2025ರ ಜುಲೈನಲ್ಲಿ ಕರ್ನಾಟಕದ ಒಂದು ಪ್ರಕರಣದಲ್ಲಿ, ತನ್ನದೇ ದುಡುಕಿನ ಚಾಲನೆಯಿಂದ ಕಾರು ಮಗುಚಿ ಮೃತಪಟ್ಟವನ ಕುಟುಂಬ ಪರಿಹಾರ ಕೋರಿದ್ದ ಮನವಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ದುಡಿಯುವ ಮಗನನ್ನೂ ಕಳೆದುಕೊಂಡು, ಕೈಗೆ ಏನೂ ಸಿಗದೆ ನಿಲ್ಲುವ ಮನೆಯನ್ನು ಊಹಿಸಿಕೊಳ್ಳಿ.

ಬೈಯುವ ಮೊದಲು ಕೇಳಿ

ಸಹೋದರಿಯರೇ, ಆ ಹುಡುಗನ ಕೈಯಲ್ಲಿ ವಿದ್ಯೆ ಇದೆ. ಶಾಲೆಯಲ್ಲಿ ವಿಜ್ಞಾನದ ಪಾಠದಲ್ಲಿ ತೂಕಡಿಸುತ್ತಿದ್ದವನು ನನಗೆ ಒತ್ತಡ, ಅಲೆ, ಬಲಗಳ ಬಗ್ಗೆ ಒಂದು ಗಂಟೆ ಪಾಠ ಮಾಡಿದ. ಇಂಥ ಮಗನನ್ನು "ಉಡಾಳ" ಎಂದು ಕರೆದರೆ ಅವನು ನಮ್ಮ ಮುಂದೆ ಬಿಚ್ಚುವುದನ್ನು ಬಿಟ್ಟು ಊರಾಚೆ ಬಿಚ್ಚುತ್ತಾನೆ. ಅವನ ಬಳಿ ಕೂತು ಕೇಳಿ. ಇದನ್ನು ಎಲ್ಲಿ ಓಡಿಸುತ್ತೀ? ಬ್ರೇಕ್, ಟೈರ್ ಮೊದಲು ಮಾಡಿದೆಯಾ? ನಿನ್ನ ಹಿಂದೆ ನಾನು ಕೂರಬಹುದಾ? ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಲು ಬರುತ್ತದಾ? ಉತ್ತರದಲ್ಲಿಯೇ ಅವನ ಮನಸ್ಸು ತಿಳಿಯುತ್ತದೆ. ಕೆಲಸದ ಮೇಲೆ ನಿಜವಾದ ಪ್ರೀತಿಯಿದ್ದರೆ ಐಟಿಐ, ಡಿಪ್ಲೊಮಾದ ದಾರಿಗಳಿವೆ, ಒಳ್ಳೆಯ ಗ್ಯಾರೇಜುಗಳಿವೆ, ರೇಸ್ ತಂಡಗಳಿಗೂ ಮೆಕ್ಯಾನಿಕ್‌ಗಳು ಬೇಕು.

ಆ ಮನೆಯಲ್ಲಿ ಏನಾಯಿತೆಂದು ನೀವು ಕೇಳುವಿರಿ. ಮಿಸ್ತ್ರಿ ಅವನಿಗೆ ಒಂದು ಬುದ್ಧಿ ಹೇಳಿದರು. ಗಾಡಿಯ ಮೂಲ ಸಿಲಿಂಡರ್ ಈಗ ತಯಾರಾಗುವುದಿಲ್ಲ, ಅದಕ್ಕೆ ಕಾನಸು ಹಚ್ಚಬೇಡ, ಕಲಿಯಬೇಕೆಂದರೆ ಗುಜರಿಯ ಸಿಲಿಂಡರ್ ತೆಗೆದುಕೊಂಡು ಉಜ್ಜು ಎಂದು. ಹುಡುಗ ಹಾಗೆಯೇ ಮಾಡಿದ. ಉಜ್ಜಿದ ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾನೆ. ಮುಂದೆ ಎಂದಾದರೂ ಟ್ರ್ಯಾಕಿಗೆ ಹೋಗುವ ದಿನಕ್ಕೆ ಬೇಕಂತೆ. ಗಾಡಿಯನ್ನು ಮೊದಲಿದ್ದಂತೆ ಜೋಡಿಸಲು ಅವನಿಗೆ ಹನ್ನೊಂದು ದಿನ ಹಿಡಿಯಿತು. ಬ್ರೇಕ್ ಶೂ ಎರಡೂ ಹೊಸದು ಹಾಕಿದ.

ಮುಂದಿನ ಸಂತೆಯ ದಿನ ಆ ತಾಯಿ ಮಗನ ಹಿಂದೆ ಕುಳಿತು ನಮ್ಮ ಮನೆಯ ಮುಂದೆ ಹಾದುಹೋದರು. ಸೀರೆ ಗಾರ್ಡ್ ಅದರ ಜಾಗದಲ್ಲೇ ಇತ್ತು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ಹುಡುಗ ವೇಗ ತಗ್ಗಿಸಿ, ಹಾರ್ನ್ ಹೊಡೆದು ಮುಂದೆ ಹೋದ.